ಕೋಲಾರದ ಬೋರ್‌ವೆಲ್ ನೀರಿಗೆ ಸೋಲಾರ್, ಹೀಟ್ ಪಂಪ್, ಗೀಸರ್: ಯಾವುದು ತಾಳುತ್ತದೆ?

ಕೀಲುಕೋಟೆ ಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರದ ಕೀಲುಕೋಟೆಯಲ್ಲಿ ಕೆಳಗೊಂದು ಮೇಲೊಂದು ಮನೆ. ಮಕ್ಕಳು, ಅತ್ತೆ ಮಾವ ಸೇರಿ ಆರು ಜನ. ಕೆಳಗಿನ ಬಚ್ಚಲಿಗೆ 25 ಲೀಟರ್ ಗೀಸರ್, ಮೇಲಿನದಕ್ಕೆ 3 ಕಿಲೋವ್ಯಾಟ್‌ನ ಇನ್‌ಸ್ಟಂಟ್ ಗೀಸರ್. ಬೇಸಿಗೆಯಲ್ಲಿ ತೊಂದರೆ ಇಲ್ಲ. ಡಿಸೆಂಬರ್ ಜನವರಿ ಬಂದರೆ ಕರೆಂಟು 200 ಯೂನಿಟ್ ದಾಟುತ್ತದೆ. ಆ ತಿಂಗಳು ಗೃಹಜ್ಯೋತಿ ಕೈತಪ್ಪಿ ಪೂರ್ತಿ ಬಿಲ್ ಕಟ್ಟಬೇಕು. ಜೊತೆಗೆ ಗೀಸರ್ ಕಾಯಿಲ್ ಪದೇ ಪದೇ ಸುಟ್ಟು ಹೋಗುತ್ತಿದೆ.

ನಲ್ಲಿ ನೀರು ದಿನಾ ಬರುವುದಿಲ್ಲ. ಉಳಿದ ದಿನ ಟ್ಯಾಂಕರ್, ಅಂದರೆ ಬೋರ್‌ವೆಲ್ ನೀರೇ. ಈಗ ನೀರು ಕಾಯಿಸುವ ಸೋಲಾರ್ ಹಾಕಿಸೋಣ ಅಂತಿದ್ದೇವೆ. ಅಂಗಡಿಯಲ್ಲಿ ಒಬ್ಬರು ಟ್ಯೂಬ್ ಅಂದರು, ಇನ್ನೊಬ್ಬರು ಪ್ಲೇಟ್ ಅಂದರು, ಮತ್ತೊಬ್ಬರು ಹೀಟ್ ಪಂಪ್ ತೋರಿಸಿದರು. 5 ಸ್ಟಾರ್ ಗೀಸರ್ ಸಾಕು ಅನ್ನುವವರೂ ಇದ್ದಾರೆ. ಈ ಕಡೆ ಹಾಕಿಸಿ ಬಳಸುತ್ತಿರುವವರು ದಯವಿಟ್ಟು ಹೇಳಿ. ಬೆಂಗಳೂರಿನವರ ಅನುಭವ ನಮ್ಮ ನೀರಿಗೆ ಹೊಂದುವುದಿಲ್ಲ ಅಂತ ನನ್ನ ಅನುಮಾನ.

ಪ್ಲಂಬಿಂಗ್ ಕೆಲಸ, ಬಂಗಾರಪೇಟೆ
ನಿಮ್ಮ ಅನುಮಾನ ಸರಿ. ನಮ್ಮ ಜಿಲ್ಲೆಯಲ್ಲಿ ಮೊದಲು ನೀರು ನೋಡಬೇಕು, ಆಮೇಲೆ ಮಷಿನ್. ಎಲ್ಲರೂ ಉಲ್ಟಾ ಮಾಡುತ್ತಾರೆ.

ಸಾವಿರ ಅಡಿ, ಅದಕ್ಕೂ ಆಳದಿಂದ ಬರುವ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ. ತಣ್ಣಗಿದ್ದಾಗ ಕರಗಿಕೊಂಡೇ ಇರುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಬಿಸಿ ಏರಿದಂತೆ ಸುಣ್ಣವಾಗಿ ಬೇರ್ಪಡುತ್ತವೆ. 60 ಡಿಗ್ರಿ ದಾಟಿದರೆ ಇನ್ನೂ ಜೋರು. ನಿಮ್ಮ ಕಾಯಿಲ್ ಸುಟ್ಟು ಹೋಗುವುದು ಅದಕ್ಕೇ. ಕಾಯಿಲ್ ಮೇಲೆ ಸುಣ್ಣದ ಪದರ ಕೂತರೆ ಒಳಗಿನ ಬಿಸಿ ನೀರಿಗೆ ಬೇಗ ಇಳಿಯುವುದಿಲ್ಲ. ಕಾಯಿಲ್ ತಾನೇ ಕಾದು ಕಾದು ಒಡೆಯುತ್ತದೆ. ಇದಕ್ಕೆ ಕಂಪನಿ ಬೈದು ಪ್ರಯೋಜನ ಇಲ್ಲ. 5 ಸ್ಟಾರ್ ತಂದರೂ ಕಾಯಿಲ್ ಕಾಯಿಲೇ, ನೀರು ಅದೇ ನೀರು.

ನೀರನ್ನು ಪರೀಕ್ಷೆ ಮಾಡಿಸಿ. ಗಡಸುತನ ಅಂದರೆ ನೀರಿನಲ್ಲಿ ಕರಗಿದ ಈ ಕ್ಯಾಲ್ಸಿಯಂ, ಮೆಗ್ನೀಷಿಯಂ ಪ್ರಮಾಣ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹೇಳುವ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರು ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಒಂದು ಮಾತು: ಆರ್‌ಒ ಮಾರುವವರು ಲೋಟಕ್ಕೆ ಅದ್ದುವ ಟಿಡಿಎಸ್ ಮೀಟರ್ ಗಡಸುತನ ತೋರಿಸುವುದಿಲ್ಲ. ಅದು ಕರಗಿದ ಎಲ್ಲ ಲವಣದ ಒಟ್ಟು ಅಂದಾಜು. ಗಡಸುತನಕ್ಕೆ ಹನಿ ಹಾಕಿ ಬಣ್ಣ ನೋಡುವ ಕಿಟ್ ಬೇರೆ ಸಿಗುತ್ತದೆ, ಇಲ್ಲವೇ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಬಾಟಲಿ ಕೊಡಿ. ಟ್ಯಾಂಕರ್ ನೀರು ಮತ್ತು ನಲ್ಲಿ ನೀರು ಎರಡನ್ನೂ ಬೇರೆ ಬೇರೆ ಕೊಡಿ.

ನಿವೃತ್ತ ಗಣಿತ ಮೇಷ್ಟ್ರು, ಮುಳಬಾಗಿಲು
ಲೆಕ್ಕದ ಭಾಗ ನಾನು ಹೇಳುತ್ತೇನೆ. ಒಂದು ಯೂನಿಟ್ ಕರೆಂಟಿನಲ್ಲಿ 860 ಲೀಟರ್ ನೀರು ಒಂದು ಡಿಗ್ರಿ ಏರುತ್ತದೆ. ಇದನ್ನು ನೆನಪಿಟ್ಟುಕೊಂಡರೆ ಅಂಗಡಿಯವರ ಯಾವ ಮಾತನ್ನೂ ನೀವೇ ಅಳೆಯಬಹುದು.

ಚಳಿಗಾಲದಲ್ಲಿ ನಮ್ಮ ತೊಟ್ಟಿ ನೀರು ಬೆಳಗ್ಗೆ 20 ಡಿಗ್ರಿ ಅಂತ ಇಟ್ಟುಕೊಳ್ಳಿ. ಸ್ನಾನಕ್ಕೆ 42 ಡಿಗ್ರಿ ಸಾಕು. 20 ಲೀಟರಿನ ಒಂದು ಬಕೆಟ್ಟಿಗೆ 22 ಡಿಗ್ರಿ ಏರಿಸಬೇಕು. 20 ಇಂಟು 22, ಅಂದರೆ 440. ಅದನ್ನು 860ರಿಂದ ಭಾಗಿಸಿ, ಸುಮಾರು ಅರ್ಧ ಯೂನಿಟ್. ಆರು ಜನಕ್ಕೆ ದಿನಕ್ಕೆ 3 ಯೂನಿಟ್, ತಿಂಗಳಿಗೆ 90. ಷವರ್ ಕೆಳಗೆ ನಿಂತರೆ ಒಬ್ಬರಿಗೇ ಎರಡು ಮೂರು ಬಕೆಟ್ ಆಗುತ್ತದೆ. 200ರ ಗೆರೆಯಲ್ಲಿ ಅರ್ಧದಷ್ಟು ಬಚ್ಚಲಲ್ಲೇ ಹೋದರೆ ಫ್ರಿಜ್ಜು, ಮೋಟರು, ಮಿಕ್ಸಿಗೆ ಏನು ಉಳಿಯುತ್ತದೆ ಹೇಳಿ?

ಗೃಹಜ್ಯೋತಿ ಲೆಕ್ಕವನ್ನೂ ಸರಿಯಾಗಿ ತಿಳಿದುಕೊಳ್ಳಿ. 2022-23ರ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ ಶೇ. 10. ಅಷ್ಟೇ ನಿಮ್ಮ ಪಾಲು. ಪಾಲು ದಾಟಿ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್. ಆದ್ದರಿಂದ ನಿಮ್ಮ ಮನೆಯಲ್ಲಿ ಸೋಲಾರ್ ಉಳಿಸುವುದು ಬರೀ 90 ಯೂನಿಟ್ಟಿನ ಬೆಲೆಯನ್ನಲ್ಲ, ಚಳಿಗಾಲದ ಹೆಚ್ಚುಕಡಿಮೆ ಇಡೀ ಬಿಲ್ಲನ್ನು. ವರ್ಷಪೂರ್ತಿ ಸರಾಸರಿ ಹಾಕಿ 'ಸೋಲಾರ್ ದುಡ್ಡು ವಾಪಸ್ ಬರಲು ಬಹಳ ವರ್ಷ ಬೇಕು' ಅನ್ನುವವರು ಇದನ್ನು ಬಿಟ್ಟುಬಿಡುತ್ತಾರೆ.

ಇನ್ನೊಂದು. ಗೀಸರಿನ ಸ್ಟಾರ್ ಹೇಳುವುದು ಕಾಯಿಸುವ ಶಕ್ತಿಯನ್ನಲ್ಲ. ಕಾಯಿಸಿಟ್ಟ ನೀರು ಸುಮ್ನೆ ನಿಂತಾಗ 24 ಗಂಟೆಯಲ್ಲಿ ಎಷ್ಟು ಬಿಸಿ ಸೋರುತ್ತದೆ ಅನ್ನುವುದನ್ನು. ಸ್ನಾನಕ್ಕೆ ಮುಂಚೆ ಹಾಕಿ, ಆದ ಕೂಡಲೇ ಆರಿಸುವ ಮನೆಯಲ್ಲಿ 3 ಸ್ಟಾರ್, 5 ಸ್ಟಾರ್ ನಡುವೆ ದೊಡ್ಡ ವ್ಯತ್ಯಾಸ ಬರುವುದಿಲ್ಲ.

ಚಿಂತಾಮಣಿ
ನಮ್ಮಲ್ಲಿ ಟ್ಯೂಬ್ ಸೋಲಾರ್ ಇದೆ. ಚೆನ್ನಾಗಿ ನಡೆಯುತ್ತಿದೆ. ಅಕ್ಕನ ಮನೆಯಲ್ಲಿ ಪ್ಲೇಟ್ ಇತ್ತು, ನಾಲ್ಕೈದು ವರ್ಷಕ್ಕೆ ನೀರು ಬಿಸಿಯಾಗುವುದೇ ನಿಂತಿತು. ಬಿಚ್ಚಿ ನೋಡಿದರೆ ಒಳಗಿನ ತಾಮ್ರದ ಪೈಪು ಮುಕ್ಕಾಲು ಮುಚ್ಚಿಹೋಗಿತ್ತು. ನಮ್ಮ ನೀರಿಗೆ ಟ್ಯೂಬೇ ಸರಿ. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ.

ಪ್ಲಂಬಿಂಗ್ ಕೆಲಸ, ಬಂಗಾರಪೇಟೆ
ಸ್ವಲ್ಪ ಜಾಗ ಇದೆ. ಪ್ಲೇಟಿನಲ್ಲಿ ಎರಡು ಥರ. ಸಾಮಾನ್ಯ ಪ್ಲೇಟಿನಲ್ಲಿ ನೀವು ಸ್ನಾನ ಮಾಡುವ ನೀರೇ ತಾಮ್ರದ ಸಣ್ಣ ಪೈಪುಗಳಲ್ಲಿ ಓಡುತ್ತದೆ. ದಿನಾ ಹೊಸ ನೀರು, ದಿನಾ ಹೊಸ ಸುಣ್ಣ. ಅಕ್ಕನ ಮನೆಯಲ್ಲಿ ಆಗಿದ್ದು ಅದು. ಹೀಟ್ ಎಕ್ಸ್‌ಚೇಂಜರ್ ಇರುವ ಪ್ಲೇಟ್ ಬೇರೆ. ಅದರಲ್ಲಿ ಪೈಪಿನೊಳಗೆ ಒಂದೇ ನೀರು ಸುತ್ತುತ್ತಿರುತ್ತದೆ, ಬದಲಾಗುವುದಿಲ್ಲ. ಅದು ಟ್ಯಾಂಕಿನ ನೀರಿಗೆ ಹೊರಗಿನಿಂದ ಬಿಸಿ ಮುಟ್ಟಿಸುತ್ತದೆ. ಬೆಲೆ ಜಾಸ್ತಿ, ಆದರೆ ಗಡಸು ನೀರಿಗೆ ತಾಳುತ್ತದೆ.

ಟ್ಯೂಬಿನ ವಿಷಯ. ಗಾಜಿನ ಎರಡು ಗೋಡೆ, ನಡುವೆ ಗಾಳಿ ತೆಗೆದಿರುತ್ತಾರೆ. ಒಳಬಂದ ಬಿಸಿ ಹೊರಗೆ ಹೋಗುವುದು ಕಷ್ಟ. ಹಾಗಾಗಿ ಚಳಿ ಬೆಳಗಿನಲ್ಲೂ ನೀರು ಸುಡುತ್ತದೆ. ಬಾಯಿ ಅಗಲ, ಸುಣ್ಣಕ್ಕೆ ಸುಲಭವಾಗಿ ಕಟ್ಟಿಕೊಳ್ಳುವುದಿಲ್ಲ. ಪುಡಿಯಾಗಿ ತಳಕ್ಕೆ ಇಳಿಯುತ್ತದೆ. ಹಳೆಯ ಟ್ಯೂಬ್ ಎಳೆದು ಬಗ್ಗಿಸಿದರೆ ಮೊದಲು ಸ್ವಲ್ಪ ಬಿಳಿ ನೀರು, ಆಮೇಲೆ ಒದ್ದೆ ಸುಣ್ಣ ಮುದ್ದೆಯಾಗಿ ಜಾರಿ ಬೀಳುತ್ತದೆ, ನಡುನಡುವೆ ಮೊಟ್ಟೆಯ ಚಿಪ್ಪಿನಷ್ಟು ತೆಳ್ಳಗಿನ ಚಕ್ಕೆ. ತಳದಲ್ಲಿ ಒಂದು ಗೇಣು ತುಂಬಿಕೊಂಡಿದ್ದನ್ನು ಕೋಲಾರದ ಮನೆಗಳಲ್ಲಿ ನೋಡಿದ್ದೇನೆ. ಅಷ್ಟು ಉದ್ದ ನೀರು ಕಾಯುವ ಕೆಲಸ ಮಾಡುವುದಿಲ್ಲ. ವರ್ಷಕ್ಕೊಮ್ಮೆ ತೆಗೆದು ತೊಳೆದರೆ ಮತ್ತೆ ಹೊಸದೇ.

ಟ್ಯೂಬಿನಲ್ಲಿ ಬೇಗ ಕೆಡುವುದು ಗಾಜಲ್ಲ, ಮೇಲಿನ ಟ್ಯಾಂಕು. ಬೋರ್ ನೀರಿನಲ್ಲಿ ಕ್ಲೋರೈಡ್ ಇದ್ದರೆ ಸ್ಟೀಲ್ ಟ್ಯಾಂಕಿನ ಬೆಸುಗೆ ಜಾಗದಲ್ಲಿ ಸೂಜಿ ಮೊನೆಯಷ್ಟು ತೂತು ಬೀಳುತ್ತದೆ. ಒಳಗೆ ಗಾಜಿನ ಲೇಪನ ಇರುವ ಟ್ಯಾಂಕ್ ಕೇಳಿ. ಮೆಗ್ನೀಷಿಯಂ ಆನೋಡ್ ಕಡ್ಡಿ ಇದೆಯಾ ಅಂತ ಕೇಳಿ. ಅದು ಟ್ಯಾಂಕಿನ ಬದಲಿಗೆ ತಾನು ಸವೆಯುತ್ತದೆ. ಸವೆದ ಮೇಲೆ ಬದಲಾಯಿಸದಿದ್ದರೆ ಮುಂದೆ ಟ್ಯಾಂಕ್ ಸವೆಯಲು ಶುರು. ಕಡ್ಡಿ ಅಗ್ಗ, ಟ್ಯಾಂಕ್ ಅಗ್ಗ ಅಲ್ಲ.

ಅಂತರಗಂಗೆ ರಸ್ತೆ
ಬೆಟ್ಟದ ಬುಡದಲ್ಲಿ ಇರುವವರು ಕೋತಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಮ್ಮ ಬೀದಿಯಲ್ಲಿ ಟ್ಯೂಬ್ ಹಾಕಿದವರೆಲ್ಲ ಮೇಲೆ ಕಬ್ಬಿಣದ ಜಾಲರಿ ಹಾಕಿಸಿದ್ದಾರೆ. ಜಾಲರಿ ಕಣ್ಣು ದೊಡ್ಡದಿರಲಿ, ನೆರಳು ಬೀಳಬಾರದು. ಏಪ್ರಿಲ್ ಮೇನಲ್ಲಿ ಆಲಿಕಲ್ಲು ಬಿದ್ದಾಗಲೂ ಅದೇ ಕಾಪಾಡುತ್ತದೆ. ಪ್ಲೇಟಿನ ಗಾಜು ಟಫನ್ಡ್, ಅಷ್ಟು ಸುಲಭಕ್ಕೆ ಒಡೆಯುವುದಿಲ್ಲ. ಆ ಕಾರಣಕ್ಕೇ ನಾವು ಎಕ್ಸ್‌ಚೇಂಜರ್ ಪ್ಲೇಟ್ ಹಾಕಿಸಿದೆವು.

ಕೀಲುಕೋಟೆ ಮನೆ
ತುಂಬಾ ಉಪಯೋಗವಾಯಿತು. ಎರಡು ಪ್ರಶ್ನೆ. ನಮ್ಮ ಓವರ್‌ಹೆಡ್ ಟ್ಯಾಂಕ್ ತಾರಸಿ ಮೇಲೆ ಎರಡೇ ಅಡಿ ಎತ್ತರದ ಕಟ್ಟೆಯಲ್ಲಿದೆ. ಸೋಲಾರ್‌ಗೆ ಸಾಕಾ? ಕೆಳಗಿನ ಬಚ್ಚಲು ಮನೆಯ ಹಿಂಭಾಗದಲ್ಲಿದೆ, ಪೈಪು ಬಹಳ ಉದ್ದ ಆಗುತ್ತದೆ. ಇನ್ನೊಂದು, ನಮ್ಮ ಟ್ಯಾಂಕ್ ಆಗಾಗ ಪೂರ್ತಿ ಖಾಲಿ ಆಗುತ್ತದೆ. ತೊಂದರೆ ಇದೆಯಾ?

ಪ್ಲಂಬಿಂಗ್ ಕೆಲಸ, ಬಂಗಾರಪೇಟೆ
ಎರಡು ಅಡಿ ಸಾಲುವುದಿಲ್ಲ. ಸೋಲಾರ್‌ನಲ್ಲಿ ಪಂಪ್ ಇಲ್ಲ. ಬಿಸಿ ನೀರು ಹಗುರ, ಮೇಲೇರುತ್ತದೆ. ತಣ್ಣೀರು ಭಾರ, ಕೆಳಗಿಳಿಯುತ್ತದೆ. ಅಷ್ಟರಲ್ಲೇ ಎಲ್ಲ ನಡೆಯಬೇಕು. ಸೋಲಾರ್ ಟ್ಯಾಂಕಿನ ನೆತ್ತಿಗಿಂತ ನಿಮ್ಮ ತಣ್ಣೀರು ಟ್ಯಾಂಕಿನ ತಳ ಒಂದಡಿಯಾದರೂ ಮೇಲಿರಬೇಕು. ಸ್ಟ್ಯಾಂಡ್ ಸೇರಿ ತಾರಸಿಯಿಂದ ಏಳೆಂಟು ಅಡಿ ಆಗುತ್ತದೆ. ಕಟ್ಟೆ ಎತ್ತರಿಸುವ ಖರ್ಚನ್ನು ಅಂಗಡಿಯವರು ಹೇಳುವುದಿಲ್ಲ, ಮೊದಲೇ ಕೇಳಿಕೊಳ್ಳಿ. ಕಲೆಕ್ಟರ್, ಅಂದರೆ ಬಿಸಿಲು ಹಿಡಿಯುವ ಟ್ಯೂಬ್ ಅಥವಾ ಪ್ಲೇಟ್, ದಕ್ಷಿಣಕ್ಕೆ ಮುಖ ಮಾಡಿರಲಿ. ಕೋಲಾರ 13 ಡಿಗ್ರಿ ಅಕ್ಷಾಂಶದಲ್ಲಿದೆ. ಚಳಿಗಾಲದ ಸೂರ್ಯ ತಗ್ಗಿನಲ್ಲಿ ಓಡುತ್ತಾನೆ, ಹಾಗಾಗಿ 23-25 ಡಿಗ್ರಿ ಓರೆ ಕೊಡಿ. ಬೇಸಿಗೆಗೆ ಯಾವ ಓರೆಯಾದರೂ ನಡೆಯುತ್ತದೆ.

ಖಾಲಿ ಟ್ಯಾಂಕ್ ವಿಷಯ ದಯವಿಟ್ಟು ಗಮನವಿಟ್ಟು ಓದಿ. ನೀರಿಲ್ಲದ ಟ್ಯೂಬ್ ಬಿಸಿಲಿನಲ್ಲಿ 150 ಡಿಗ್ರಿ ದಾಟಿ ಕಾಯುತ್ತದೆ. ಮಧ್ಯಾಹ್ನ ಟ್ಯಾಂಕರ್ ಬಂತು ಅಂತ ತಣ್ಣೀರು ಬಿಟ್ಟರೆ ಗಾಜು ಚಟಪಟ ಒಡೆಯುತ್ತದೆ. ನೀರು ದಿನಾ ಬಾರದ ನಮ್ಮ ಊರುಗಳಲ್ಲಿ ಟ್ಯೂಬ್ ಹೋಗುವುದು ಹೆಚ್ಚಾಗಿ ಹೀಗೆ. ಸೋಲಾರ್‌ಗೆ ಹೋಗುವ ಪೈಪಿಗೆ ಒಂದು ವಾಲ್ವ್ ಇರಲಿ. ಟ್ಯಾಂಕ್ ಖಾಲಿಯಾದರೆ ಅದನ್ನು ಮುಚ್ಚಿ. ಬೆಳಗ್ಗೆ ಸೂರ್ಯ ಹುಟ್ಟುವ ಮುಂಚೆ ಮಾತ್ರ ತೆರೆದು ತುಂಬಿಸಿ. ಇನ್ನೂ ಒಳ್ಳೆಯದು, ಸೋಲಾರ್‌ಗೇ ಅಂತ ಒಂದು ಸಣ್ಣ ಬೇರೆ ಟ್ಯಾಂಕ್ ಇಡಿ. ಮನೆ ಟ್ಯಾಂಕ್ ಬರಿದಾದರೂ ಅದು ಬರಿದಾಗಬಾರದು.

ಟೇಕಲ್ ರಸ್ತೆ
ಪೈಪಿನ ಬಗ್ಗೆ ನಾನು ಹೇಳಲೇಬೇಕು, ಯಾಕೆಂದರೆ ಇದನ್ನು ಯಾರೂ ಮಾತಾಡುವುದಿಲ್ಲ. ಮುಕ್ಕಾಲು ಇಂಚಿನ ಪೈಪಿನಲ್ಲಿ ಒಂದು ಮೀಟರಿಗೆ ಕಾಲು ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರು ನಿಲ್ಲುತ್ತದೆ. ತಾರಸಿಯಿಂದ ಹಿಂದಿನ ಬಚ್ಚಲಿಗೆ 15 ಮೀಟರ್ ಅಂದರೆ ನಾಲ್ಕು ಲೀಟರಿಗೂ ಮೇಲೆ. ಅಷ್ಟು ತಣ್ಣೀರು ಹೊರಬಂದ ಮೇಲೆ ಬಿಸಿ. ಒಬ್ಬೊಬ್ಬರೂ ಅರ್ಧ ಗಂಟೆ ಬಿಟ್ಟು ಬಿಟ್ಟು ಹೋದರೆ ಪೈಪು ಮತ್ತೆ ತಣ್ಣಗಾಗಿರುತ್ತದೆ. ಆರು ಜನ ಅಂದರೆ ಬೆಳಗ್ಗೆ ಒಂದು ಬಿಂದಿಗೆಗೂ ಜಾಸ್ತಿ ಒಳ್ಳೆ ನೀರು ಚರಂಡಿಗೆ. ಟ್ಯಾಂಕರಿಗೆ ದುಡ್ಡು ಕೊಟ್ಟು ತಂದ ನೀರು ಅದು!

ಬಕೆಟ್ ಇಟ್ಟು ಹಿಡಿದುಕೊಳ್ಳಿ, ಬಟ್ಟೆಗೋ ಗಿಡಕ್ಕೋ ಆಗುತ್ತದೆ. ಸ್ನಾನ ಒಬ್ಬರ ಹಿಂದೆ ಒಬ್ಬರು ಮುಗಿಸಿ. ಪೈಪಿಗೆ ಕಪ್ಪು ಫೋಮ್ ಕೊಳವೆ ಸುತ್ತಿಸಿ, ಬಿಸಿಲಿಗೆ ಬೀಳುವ ಕಡೆ ಅದರ ಮೇಲೆ ಟೇಪ್ ಸುತ್ತಿಸಿ. ಇಲ್ಲದಿದ್ದರೆ ಒಂದೆರಡು ಬೇಸಿಗೆಗೆ ಪುಡಿಪುಡಿ.

ಹಿಪ್ಪುನೇರಳೆ ತೋಟ, ಶಿಡ್ಲಘಟ್ಟ
ಎಲ್ಲರೂ ಕರೆಂಟು ಸೋಲಾರ್ ಅಂತಿದ್ದೀರಿ. ನಮ್ಮ ಹಳ್ಳಿಯಲ್ಲಿ ಇವತ್ತಿಗೂ ಹಂಡೆ ಒಲೆ. ರೇಷ್ಮೆ ಹುಳು ಸೊಪ್ಪು ತಿಂದ ಮೇಲೆ ಉಳಿಯುವ ಹಿಪ್ಪುನೇರಳೆ ಕಡ್ಡಿ ಮನೆಮುಂದೆ ರಾಶಿ ಬಿದ್ದಿರುತ್ತದೆ. ಅದಕ್ಕೆ ದುಡ್ಡು ಕೊಡುವ ಹಾಗಿಲ್ಲ, ಬೆಟ್ಟದ ಮರ ಕಡಿಯುವ ಹಾಗಿಲ್ಲ. ಇದು ಉಳಿತಾಯ ಅಲ್ವಾ?

ನರ್ಸ್, ಕೋಲಾರ
ಉಳಿತಾಯ ಹೌದು. ಆದರೆ ಬೆಳಗಿನ ಜಾವ ಆ ಒಲೆ ಮುಂದೆ ಕೂತು ಊದುವವರು ಯಾರು ಅಂತ ಕೇಳಿಕೊಳ್ಳಿ. ನಮ್ಮಲ್ಲಿ ಕೆಮ್ಮು, ಉಬ್ಬಸ ಅಂತ ಬರುವ ಹೆಂಗಸರಲ್ಲಿ ಸೌದೆ ಒಲೆಯ ಮುಂದೆ ಜೀವಮಾನ ಕಳೆದವರು ಎಷ್ಟೋ ಜನ. ಕಡ್ಡಿ ಪುಕ್ಕಟೆ ಇರಬಹುದು, ಅವರ ಶ್ವಾಸಕೋಶ ಪುಕ್ಕಟೆ ಅಲ್ಲ. ಒಲೆಯನ್ನೇ ಇಟ್ಟುಕೊಳ್ಳುವುದಾದರೆ ಹೊಗೆ ಕೊಳವೆ ಇರುವ ಒಲೆ ಕಟ್ಟಿಸಿ. ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ನಮ್ಮ ಹಳ್ಳಿಗಳಿಗೆ ಬಂದು ಎಷ್ಟೋ ವರ್ಷ ಆಯಿತು. ಸೌದೆ ಕಡಿಮೆ ಸಾಕು, ಹೊಗೆ ಕೊಳವೆಯಿಂದ ಹೊರಗೆ ಹೋಗುತ್ತದೆ.

ಗ್ಯಾಸ್ ಗೀಸರ್ ಬಗ್ಗೆಯೂ ಹೇಳಿಬಿಡುತ್ತೇನೆ. ಬಿಲ್ ಕಡಿಮೆ ಅಂತ ಮುಚ್ಚಿದ ಬಚ್ಚಲೊಳಗೆ ಹಾಕಿಸಬೇಡಿ. ಗಾಳಿ ಸಾಲದೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಸುತ್ತು ಬಂದು ಬಾಗಿಲ ಚಿಲಕ ತೆಗೆಯುವಷ್ಟೂ ಶಕ್ತಿ ಇರುವುದಿಲ್ಲ. ಹಾಕಿಸಲೇಬೇಕಾದರೆ ಮಷಿನ್ ಬಚ್ಚಲಿನ ಹೊರಗೆ, ಬಯಲಿನಲ್ಲಿ ಇರಲಿ. ಬಕೆಟ್ಟಿಗೆ ಹಾಕುವ ರಾಡ್ ಕೂಡ ಹಾಗೇ. ಅದು ಕರೆಂಟು ಪೋಲು ಮಾಡುವುದಿಲ್ಲ, ಆದರೆ ನೀರು ಬಿಸಿಯಾಯಿತಾ ಅಂತ ಕೈ ಹಾಕಿ ಶಾಕ್ ಹೊಡೆಸಿಕೊಂಡವರನ್ನು ನಾವು ನೋಡುತ್ತೇವೆ. ಮಕ್ಕಳಿರುವ ಮನೆಗೆ ಬೇಡವೇ ಬೇಡ.

ಹಿಪ್ಪುನೇರಳೆ ತೋಟ, ಶಿಡ್ಲಘಟ್ಟ
ಮಾತು ಒಪ್ಪಿದೆ. ನಮ್ಮನೆಯಲ್ಲಿ ಒಲೆ ಊದುವುದು ಅಮ್ಮನೇ. ಕೊಳವೆ ಒಲೆ ಕಟ್ಟುವವರು ಸಿಗುತ್ತಾರಾ ವಿಚಾರಿಸುತ್ತೇನೆ.

ಮಾಲೂರು ಮಳೆನೀರು
ಇಲ್ಲಿಯವರೆಗೆ ಎಲ್ಲರೂ ಗಡಸು ನೀರನ್ನು ತಡೆಯುವ ಮಷಿನ್ ಹುಡುಕುತ್ತಿದ್ದೀರಿ. ಬಿಸಿ ಮಾಡುವ ನೀರನ್ನೇ ಬದಲಾಯಿಸಬಹುದಲ್ಲ? ಮಳೆ ನೀರಿನಲ್ಲಿ ಗಡಸುತನ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಲೆಕ್ಕ ನೋಡಿ. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಸಾವಿರ ಚದರ ಅಡಿ ತಾರಸಿ ಅಂದರೆ 93 ಚದರ ಮೀಟರ್. ಒಟ್ಟು 65 ಸಾವಿರ ಲೀಟರ್ ಬೀಳುತ್ತದೆ. ಆವಿ, ಮೊದಲ ಮಳೆಯ ಕೊಳೆ ಎಲ್ಲ ಕಳೆದರೂ 50 ಸಾವಿರ ಹಿಡಿಯಬಹುದು. ಮನೆಗೆ ದಿನಕ್ಕೆ ನೂರು ಲೀಟರ್ ಬಿಸಿ ನೀರು ಸಾಕಾದರೆ ವರ್ಷಕ್ಕೆ 36,500 ಲೀಟರ್. ವರ್ಷಪೂರ್ತಿ ಕೂಡಿಡುವ ಸಂಪು ಯಾರ ಮನೆಯಲ್ಲೂ ಇರುವುದಿಲ್ಲ, ಒಪ್ಪುತ್ತೇನೆ. ಆದರೆ ನಮ್ಮ ಕಡೆ ದೊಡ್ಡ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ನವೆಂಬರ್‌ನಲ್ಲೂ ಒಂದಿಷ್ಟು ಬರುತ್ತದೆ. ಅಂದರೆ ಚಳಿಗಾಲದ ಬಾಗಿಲಿಗೆ 10 ಸಾವಿರ ಲೀಟರಿನ ಸಂಪು ತುಂಬಿರುತ್ತದೆ. ದಿನಕ್ಕೆ ನೂರರಂತೆ ನೂರು ದಿನ. ಬಿಸಿ ನೀರು ಬೇಕಾಗುವುದೂ ಆ ದಿನಗಳಲ್ಲೇ!

ಬೋರ್ ನೀರನ್ನು ಆ ಸಂಪಿಗೆ ಬೆರೆಸಬೇಡಿ. ಸೋಲಾರ್‌ಗೆ ಬೇರೆ ಸಣ್ಣ ಟ್ಯಾಂಕ್ ಇಡಿ ಅಂತ ಮೇಲೆ ಹೇಳಿದ್ದಾರಲ್ಲ, ಅದಕ್ಕೆ ಈ ನೀರು ಏರಿಸಿ. ನಮ್ಮ ಮನೆಯಲ್ಲಿ ಹೀಗೇ ಇದೆ. ಷವರಿನ ತೂತು ಕಟ್ಟಿಲ್ಲ, ಸೋಪು ನೊರೆ ಬರುತ್ತದೆ. ಮಳೆಗಾಲಕ್ಕೆ ಮುಂಚೆ ತಾರಸಿ ಗುಡಿಸಿ, ಮೊದಲ ಮಳೆಯನ್ನು ಹೊರಗೆ ಬಿಡಿ. ಸಂಪಿನ ಮುಚ್ಚಳಕ್ಕೆ ಬೆಳಕು ನುಸುಳಬಾರದು, ಪಾಚಿ ಕಟ್ಟುತ್ತದೆ.

ನಿವೃತ್ತ ಗಣಿತ ಮೇಷ್ಟ್ರು, ಮುಳಬಾಗಿಲು
ಲೆಕ್ಕ ಸರಿಯಾಗಿದೆ. ಇಷ್ಟು ಸರಳವಾದ ಉಪಾಯ ನನಗೂ ಹೊಳೆದಿರಲಿಲ್ಲ.

ರಾಬರ್ಟ್‌ಸನ್‌ಪೇಟೆ, ಕೆಜಿಎಫ್
ಸಾಫ್ಟನರ್ ಹಾಕಿದರೆ ಆಗುವುದಿಲ್ಲವಾ? ಉಪ್ಪು ಹಾಕಿ ಗಡಸು ನೀರನ್ನು ಮೆದು ಮಾಡುವ ಮಷಿನ್.

ಪ್ಲಂಬಿಂಗ್ ಕೆಲಸ, ಬಂಗಾರಪೇಟೆ
ಕೆಲಸ ಮಾಡುತ್ತದೆ. ಆದರೆ ಆಗಾಗ ಉಪ್ಪುನೀರಿನಲ್ಲಿ ತೊಳೆಯಬೇಕು, ಆ ನೀರು ಚರಂಡಿಗೆ. ನೀರು ಹೆಚ್ಚು ಗಡಸಾದಷ್ಟೂ ಹೆಚ್ಚು ಸಲ ತೊಳೆಯಬೇಕು. ನೀರಿಗೇ ಬರ ಇರುವ ಕಡೆ ಮನೆಮನೆಗೆ ಇದನ್ನು ಹಾಕಿಸಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ನಗರದಲ್ಲಿ ಯರಗೋಳ್ ಡ್ಯಾಮಿನ ನೀರು ಬರುವ ಬೀದಿಯವರು ಆ ನೀರನ್ನೇ ಸೋಲಾರ್‌ಗೆ ಮೀಸಲಿಡಿ. ಅದೂ ಮಳೆ ನೀರೇ, ಬೋರ್ ನೀರಿನಷ್ಟು ಗಡಸು ಇರುವುದಿಲ್ಲ.

ಟಮಕ, ಹಾಸ್ಟೆಲ್ ನಡೆಸುವವರು
ಹೀಟ್ ಪಂಪ್ ಕೇಳಿದ್ದಿರಿ. ನಮ್ಮಲ್ಲಿ ಇದೆ. ಫ್ರಿಜ್ಜು ಒಳಗಿನ ಬಿಸಿಯನ್ನು ಹಿಂದಕ್ಕೆ ತಳ್ಳುತ್ತದಲ್ಲ, ಇದು ಹೊರಗಿನ ಗಾಳಿಯ ಬಿಸಿಯನ್ನು ನೀರಿಗೆ ತಳ್ಳುತ್ತದೆ. ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಬಿಸಿ ಸಿಗುತ್ತದೆ. ನಮ್ಮ ಹವೆ ಬಹಳ ಕೊರೆಯುವುದಿಲ್ಲವಾದ್ದರಿಂದ ಚಳಿಗಾಲದಲ್ಲೂ ಚೆನ್ನಾಗಿ ನಡೆಯುತ್ತದೆ. 200 ಲೀಟರನ್ನು 20ರಿಂದ 50 ಡಿಗ್ರಿಗೆ ಏರಿಸಲು ಗೀಸರ್ 7 ಯೂನಿಟ್ ತಿಂದರೆ ಇದಕ್ಕೆ ಎರಡೂವರೆ ಸಾಕು. ಮೋಡ ಕವಿದರೂ ಚಿಂತೆ ಇಲ್ಲ.

ಆದರೆ ಒಂದು ಮನೆಗೆ ದುಬಾರಿ. ಸದ್ದು ಮಾಡುತ್ತದೆ, ಗಾಳಿ ಆಡುವ ಜಾಗ ಬೇಕು, ಕೆಟ್ಟರೆ ರಿಪೇರಿಯವರು ಬೆಂಗಳೂರಿನಿಂದ ಬರಬೇಕು. ತಾರಸಿ ಇಲ್ಲದವರಿಗೆ, ಸುತ್ತ ಎತ್ತರದ ಕಟ್ಟಡದ ನೆರಳು ಬೀಳುವವರಿಗೆ, ಛತ್ರ ಹಾಸ್ಟೆಲ್‌ಗಳಿಗೆ ಸರಿ.

ಶ್ರೀನಿವಾಸಪುರ
ಪಿಎಂ ಸೂರ್ಯಘರ್‌ನಲ್ಲಿ ಸೋಲಾರ್‌ಗೆ 78 ಸಾವಿರ ಸಬ್ಸಿಡಿ ಇದೆಯಲ್ಲ? ಅದರಲ್ಲೇ ಹಾಕಿಸಿಕೊಳ್ಳಿ.

ನಿವೃತ್ತ ಗಣಿತ ಮೇಷ್ಟ್ರು, ಮುಳಬಾಗಿಲು
ಅದು ಕರೆಂಟು ಮಾಡುವ ಸೋಲಾರ್ ಪ್ಯಾನಲ್‌ಗೆ. 2024ರ ಫೆಬ್ರವರಿಯಲ್ಲಿ ಬಂದ ಯೋಜನೆ. 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30 ಸಾವಿರ, 3 ಮತ್ತು ಅದಕ್ಕೂ ಮೇಲೆ ಒಟ್ಟು 78 ಸಾವಿರ. ನೀರು ಕಾಯಿಸುವ ಸೋಲಾರ್‌ಗೆ ಅದು ಸಿಗುವುದಿಲ್ಲ. ಹೆಸರು ಒಂದೇ ಅಂತ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ನೀರಿನ ಸೋಲಾರ್ ಹಾಕಿಸಿದವರಿಗೆ ಬೆಸ್ಕಾಂ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಕೊಡುತ್ತಿದ್ದರು. ಅರ್ಜಿ ಕೊಡದೆ ಬಿಟ್ಟವರೇ ಜಾಸ್ತಿ. ಈಗಲೂ ಸಿಗುತ್ತದಾ ಅಂತ ಸಬ್‌ಡಿವಿಷನ್ ಕಚೇರಿಯಲ್ಲಿ ಕೇಳಿ.

ಕೀಲುಕೋಟೆ ಮನೆ
ಮನೆಯಲ್ಲಿ ಎಲ್ಲರೂ ಕೂತು ಓದಿದೆವು. 200 ಲೀಟರಿನ ಟ್ಯೂಬ್ ಸೋಲಾರ್, ಗಾಜಿನ ಲೇಪನದ ಟ್ಯಾಂಕ್. ಅದಕ್ಕೆ ಬೇರೆ ತಣ್ಣೀರು ಟ್ಯಾಂಕ್, ಎತ್ತರದ ಕಟ್ಟೆ. ಮಳೆಗಾಲದೊಳಗೆ ಹಳೆಯ ಸಂಪನ್ನು ಮಳೆ ನೀರಿಗೆ ಬಿಟ್ಟುಕೊಡುವುದು ಅಂತ ಮಾವ ಹೇಳಿದ್ದಾರೆ. ಒಂದೇ ಉಳಿದಿದೆ. ನವೆಂಬರ್‌ನಲ್ಲಿ ಸೈಕ್ಲೋನ್ ಬಂದು ಮೂರ್ನಾಲ್ಕು ದಿನ ಜಡಿಮಳೆ ಹಿಡಿದರೆ? ಅಂಗಡಿಯವರು ಸೋಲಾರ್ ಟ್ಯಾಂಕಿನೊಳಗೇ 2 ಕಿಲೋವ್ಯಾಟ್ ಕಾಯಿಲ್ ಹಾಕಿಕೊಡುತ್ತೇವೆ ಅಂತಾರೆ.

ಪ್ಲಂಬಿಂಗ್ ಕೆಲಸ, ಬಂಗಾರಪೇಟೆ
ಬೇಡ ಅನ್ನಿ. ಆ ಕಾಯಿಲ್ ಹಾಕಿದರೆ ಇಬ್ಬರ ಸ್ನಾನಕ್ಕೂ ಇಡೀ 200 ಲೀಟರ್ ಕಾಯಬೇಕು. ಆರಿಸುವುದು ಮರೆತರೆ ಮತ್ತೆ ನಿಮ್ಮ 200 ಯೂನಿಟ್ ದಾಟುತ್ತದೆ. ಅದರ ಮೇಲೂ ಸುಣ್ಣ ಕಟ್ಟುತ್ತದೆ, ಬದಲಾಯಿಸಲು ತಾರಸಿ ಹತ್ತಬೇಕು.

ನಿಮ್ಮ 25 ಲೀಟರ್ ಗೀಸರ್ ಇದ್ದಲ್ಲೇ ಇರಲಿ. ಸೋಲಾರ್ ಪೈಪನ್ನು ಗೀಸರಿನ ತಣ್ಣೀರು ಒಳಬರುವ ಕಡೆಗೆ ಜೋಡಿಸಿ, ಅಲ್ಲೊಂದು ನಾನ್-ರಿಟರ್ನ್ ವಾಲ್ವ್ ಹಾಕಿಸಿ, ನೀರು ಹಿಂದಕ್ಕೆ ಹೋಗದಂತೆ ಅದು ತಡೆಯುತ್ತದೆ. ಗೀಸರನ್ನು ಬಿಟ್ಟು ನೇರ ನಲ್ಲಿಗೆ ಹೋಗುವ ಬೈಪಾಸ್ ಇರಲಿ, ಬಿಸಿಲಿರುವ ದಿನ ಅದರಲ್ಲೇ ಬಳಸಿ. ಬೈಪಾಸ್ ಬಳಸುವಾಗ ಗೀಸರ್ ಸ್ವಿಚ್ ಆಫ್ ಇರಬೇಕು. ಮೋಡದ ದಿನ ಸೋಲಾರ್ ನೀರು ಸಾಮಾನ್ಯವಾಗಿ ಸ್ವಲ್ಪ ಬೆಚ್ಚಗಾದರೂ ಇರುತ್ತದೆ, ಗೀಸರ್ ಉಳಿದದ್ದನ್ನು ಮಾತ್ರ ಏರಿಸುತ್ತದೆ. ಥರ್ಮೋಸ್ಟಾಟ್ 50ಕ್ಕೆ ಇಳಿಸಿಡಿ, ಸುಣ್ಣವೂ ಕಡಿಮೆ ಕಟ್ಟುತ್ತದೆ. ಗೀಸರಿಗೆ ಒಳಬರುವ ನೀರು ಎಷ್ಟು ಬಿಸಿ ಇರಬಹುದು ಅಂತ ಅದರ ಪುಸ್ತಕದಲ್ಲಿ ಬರೆದಿರುತ್ತದೆ, ನೋಡಿಕೊಳ್ಳಿ. ಮೇಲಿನ ಇನ್‌ಸ್ಟಂಟ್ ಗೀಸರನ್ನು ತೆಗೆಸಿ, ಆ ಬಚ್ಚಲು ತಾರಸಿಗೆ ಹತ್ತಿರ ಇದೆ, ನೇರ ಸೋಲಾರ್ ಲೈನ್ ಸಾಕು. ಕಟ್ಟೆ ಕೆಲಸ ಮುಗಿದ ಮೇಲೆ ತಾರಸಿಯ ಅಳತೆ ಇಲ್ಲಿ ಹಾಕಿ, ಪೈಪು ಎಲ್ಲಿಂದ ಇಳಿಸಿದರೆ ಚಿಕ್ಕದಾಗುತ್ತದೆ ಅಂತ ನೋಡಿ ಹೇಳುತ್ತೇನೆ.